ಬ್ಲೂಟೂತ್‌ನಲ್ಲಿ ಮಾತಾಡುತ್ತಾ ಗಾಡಿ ಓಡಿಸಿದರೆ ತಪ್ಪೇನು? ಕೈ ಹ್ಯಾಂಡಲ್ ಮೇಲೇ ಇರುತ್ತಲ್ಲ?

ಕೈ ಹ್ಯಾಂಡಲ್ ಮೇಲಿರುತ್ತೆ, ಒಪ್ಪಿದೆ. ತಲೆ ಎಲ್ಲಿರುತ್ತೆ? ಮಾತಿನಲ್ಲಿ ಮುಳುಗಿದಾಗ ಕಣ್ಣು ರಸ್ತೆಯ ಕಡೆಗೇ ಇದ್ದರೂ ಮುಂದಿನ ಆಟೋದ ಬ್ರೇಕ್ ಲೈಟ್ ಹೊತ್ತಿದ್ದು ಮನಸ್ಸಿಗೆ ತಟ್ಟುವುದು ತಡವಾಗುತ್ತೆ. ಜೊತೆಯಲ್ಲಿ ಕೂತವರಾದರೆ ಲಾರಿ ಅಡ್ಡ ಬಂದಾಗ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಯವರಿಗೆ ಲಾರಿ ಎಲ್ಲಿ ಕಾಣಬೇಕು? "ಹಲೋ, ಕೇಳಿಸ್ತಾ ಇದ್ಯಾ?" ಅಂತಲೇ ಇರುತ್ತಾರೆ.

ವಾಟ್ಸಾಪ್ ನೋಡುವುದಂತೂ ಇನ್ನೂ ಕೆಟ್ಟದ್ದು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 3 ಸೆಕೆಂಡ್ ಸ್ಕ್ರೀನ್ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ನಮ್ಮ ರಸ್ತೆಗಳಲ್ಲಿ ಅಷ್ಟರೊಳಗೆ ಬಣ್ಣ ಬಳಿಯದ ಒಂದು ಹಂಪ್, ಎರಡು ಗುಂಡಿ, ಒಂದು ಹಸು ಗ್ಯಾರಂಟಿ.

ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರಲ್ಲಿ ತಿದ್ದುಪಡಿ ತಂದು, ಫೋನ್ ಕೈಯಲ್ಲಿ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದ್ದಾರೆ. ಮೊದಲ ಸಲವೇ 5,000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು.

ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಳ್ಳುವವರು ಬೇರೆ ಇದ್ದಾರೆ. ಅದು ಜಾರಿದ ಕ್ಷಣ ಎಡಗೈ ಕ್ಲಚ್ ಬಿಟ್ಟು ಕೆನ್ನೆಗೆ ಹೋಗಿರುತ್ತೆ. ನಾನಂತೂ ತುರ್ತು ಕರೆ ಬಂದರೆ ಇಂಡಿಕೇಟರ್ ಹಾಕಿ, ಎಡಕ್ಕೆ ನಿಲ್ಲಿಸಿಯೇ ಮಾತಾಡೋದು.