ಆರೋಗ್ಯ ಪ್ರಶ್ನೋತ್ತರ: ವೈದ್ಯರು ಮನೆಮನೆಗೆ ಬಂದು ಲೆಕ್ಕ ಬರೆಯುವುದೇಕೆ?

ಪ್ರಶ್ನೆ: ಅಡಿಕೆ ತೋಟಕ್ಕೆ ಕಾಡಿನಿಂದ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ಹೊತ್ತು ತರುವ ಕೂಲಿಯವರೇ ನಮ್ಮಲ್ಲಿ ಮಂಗನ ಕಾಯಿಲೆಗೆ ಹೆಚ್ಚಾಗಿ ತುತ್ತಾಗುತ್ತಾರೆ. ಓದಿದ ವೈದ್ಯರು ಔಷಧ ಕೊಡುವುದನ್ನು ಬಿಟ್ಟು, ಯಾರಿಗೆ ಜ್ವರ ಬಂದಿತ್ತು, ಹಿಂದೆ ಎಷ್ಟು ಚುಚ್ಚುಮದ್ದು ಹಾಕಿಸಿಕೊಂಡಿದ್ದರು ಎಂದು ಬರೆದುಕೊಂಡು ಹೋಗುತ್ತಾರೆ. ಇದರಿಂದ ಬಡವರಿಗೇನು ಪ್ರಯೋಜನ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಅಸಮಾಧಾನ ಸಹಜವಾದುದೇ. ಆದರೆ ಮಂಗನ ಕಾಯಿಲೆ ತರುವ ವೈರಾಣುವನ್ನೇ ಗುರಿಯಾಗಿಸಿ ಕೊಲ್ಲುವ ಔಷಧ ಇನ್ನೂ ಇಲ್ಲ. ಆಸ್ಪತ್ರೆಯಲ್ಲಿ ದೊರೆಯುವುದು ಜ್ವರ, ನಿರ್ಜಲತೆ, ರಕ್ತಸ್ರಾವಗಳಿಗೆ ತಕ್ಕ ಆರೈಕೆ ಮಾತ್ರ. ಹೀಗಾಗಿ ರೋಗ ಬಾರದಂತೆ ತಡೆಯುವುದೇ ಮುಖ್ಯ. ಆ ತಡೆ ಫಲಿಸುತ್ತಿದೆಯೇ ಎಂಬುದು ಲೆಕ್ಕವಿಲ್ಲದೆ ತಿಳಿಯುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಾಗ, ಅದು ಹಳದಿ ಜ್ವರವಿರಬಹುದೆಂಬ ಆತಂಕವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಇದು ಉಣುಗುಗಳಿಂದ ಹರಡುವ ಹೊಸ ವೈರಾಣುವೆಂದು ತೋರಿಸಿದರು. ಕಾಡಿಗೂ ಊರಿಗೂ ಓಡಾಡದಿದ್ದರೆ ಅದು ತಿಳಿಯುತ್ತಿರಲಿಲ್ಲ.

ಲಸಿಕೆಯ ವಿಷಯವನ್ನೇ ನೋಡಿ. 1990ರ ದಶಕದ ಆರಂಭದ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ. 93ರಷ್ಟು ರಕ್ಷಣೆ ಕಂಡುಬಂದಿತ್ತು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಡೋಸ್‌ಗೆ ಅದು ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83 ಎಂದು ತಿಳಿಯಿತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳ ಬಳಿಕ ಒಂದು ಬೂಸ್ಟರ್ ಎಂಬ ಕ್ರಮ, ಚುಚ್ಚಿದ ತೋಳು ನೋಯುತ್ತಿದ್ದಾಗ ದಿನದ ಕೂಲಿ ಬಿಟ್ಟು ಬರಬೇಕಾದವರಿಗೆ ಸುಲಭದ್ದಾಗಿರಲಿಲ್ಲ. ಅಂಥವರು ಬೂಸ್ಟರ್‌ಗೆ ಬರಲಿಲ್ಲವೆಂದು ಅವರನ್ನೇ ದೂರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಆ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು.

ಎಳೆಯ ಉಣುಗುಗಳ ಕಾಟ ನವೆಂಬರ್‌ನಿಂದ ಮೇವರೆಗೆ ಹೆಚ್ಚು. ದರಗು ಗುಡಿಸುವ ಕಾಲವೂ ಅದೇ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗುಗಳನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಬಂದೊಡನೆ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ಬರೆದುಕೊಳ್ಳಲು ಬಂದವರನ್ನು ನೀವೂ ಪ್ರಶ್ನಿಸಬಹುದು. ರಕ್ತ ಕೊಟ್ಟವರಿಗೆ ಅದರ ಫಲಿತಾಂಶವನ್ನು ಕೇಳುವ ಹಕ್ಕಿದೆ. ಹಗಲು ಕೆಲಸಕ್ಕೆ ಹೋಗುವವರು ‘ಸಂಜೆ ಬನ್ನಿ’ ಎನ್ನಲು ಸಂಕೋಚಪಡಬೇಕಾಗಿಲ್ಲ.