ಆ ನಾಲ್ಕು ನಕ್ಷೆಗಳ ಬಗ್ಗೆ

1946, 1947, 1949–67 ಮತ್ತು ಈಗ ಎಂದು ಪ್ಯಾಲೆಸ್ಟೀನ್ ಕುಗ್ಗುತ್ತಾ ಬಂದದ್ದನ್ನು ತೋರಿಸುವ ಚಿತ್ರವನ್ನು ಸೆಮಿನಾರ್‌ಗೆ ಬಳಸಬಹುದೇ ಎಂದು ಕೇಳಿದ್ದೀರಿ. ಇದ್ದಂತೆಯೇ ಬಳಸಬೇಡಿ. ಜನ ನೆಲ ಕಳೆದುಕೊಂಡದ್ದು ನಿಜ, ಅದರಲ್ಲಿ ಅನುಮಾನವೇ ಬೇಡ. ಆದರೆ ಆ ಚಿತ್ರ ಬೇರೆ ಬೇರೆ ಸಂಗತಿಗಳಿಗೆ ಒಂದೇ ಬಣ್ಣ ಬಳಿಯುತ್ತದೆ.

ಮೊದಲನೆಯದು ಜಮೀನಿನ ಒಡೆತನ. ಆಗ ಯಹೂದಿಗಳ ಹೆಸರಿನಲ್ಲಿದ್ದದ್ದು ಶೇ. 6–7ರಷ್ಟು. ಹಾಗೆಂದು ಉಳಿದದ್ದೆಲ್ಲ ಅರಬ್ ರೈತರ ಖಾತೆಯಲ್ಲಿರಲಿಲ್ಲ. ನೆಗೆವ್ ಮರುಭೂಮಿಯ ಬಹುಭಾಗವನ್ನು ಬ್ರಿಟಿಷರು ಸರ್ಕಾರಿ ಜಾಗವೆಂದೇ ಎಣಿಸಿದ್ದರು. ಅಲ್ಲಿನ ಅಲೆಮಾರಿ ಅರಬ್ ಸಮುದಾಯವಾದ ಬೆಡೊಯಿನರ ಹಕ್ಕಿನ ತಕರಾರು ಇಂದಿಗೂ ಬಗೆಹರಿದಿಲ್ಲ. ಎರಡನೆಯದು ನಾಡನ್ನು ಯಹೂದಿ ಮತ್ತು ಅರಬ್ ರಾಷ್ಟ್ರಗಳಾಗಿ ಹಂಚುವ, ವಿಶ್ವಸಂಸ್ಥೆಯ 181ನೇ ನಿರ್ಣಯದ ಪ್ರಸ್ತಾವ ಮಾತ್ರ. ಪರವಾಗಿ 33, ವಿರುದ್ಧ 13 ಮತ ಬಿದ್ದವು (ಭಾರತದ್ದು ವಿರುದ್ಧ). ಅದು ಜಾರಿಯಾಗಲೇ ಇಲ್ಲ. ಮೂರನೆಯದು ಮೊದಲ ಅರಬ್–ಇಸ್ರೇಲ್ ಯುದ್ಧದ ಬಳಿಕದ ಕದನವಿರಾಮದ ಗೆರೆ. ಆಗ ಪಶ್ಚಿಮ ದಂಡೆ ಜೋರ್ಡಾನ್ ಕೈಯಲ್ಲಿ, ಗಾಜಾ ಈಜಿಪ್ಟ್ ಕೈಯಲ್ಲಿ ಇತ್ತು. ಕೊನೆಯದು ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ನಾಯಕರ ನಡುವಿನ 1995ರ ಓಸ್ಲೋ ಒಪ್ಪಂದದ ಎ, ಬಿ, ಸಿ ಆಡಳಿತ ವಲಯಗಳು. ಪಶ್ಚಿಮ ದಂಡೆಯ ಶೇ. 60ರಷ್ಟಿರುವ ಸಿ ವಲಯ ಪೂರ್ತಿ ಇಸ್ರೇಲ್ ಹಿಡಿತದಲ್ಲಿದೆ.

ಹಾಗಾಗಿ ಒಂದೇ ಅಳತೆ ಹಿಡಿಯಿರಿ: ಆಯಾ ವರ್ಷ ನೆಲ ಯಾರ ಹಿಡಿತದಲ್ಲಿತ್ತು? 1947ರ ಪ್ರಸ್ತಾವವನ್ನು ಚುಕ್ಕೆಗೆರೆಯಲ್ಲಿ ತೋರಿಸಿ. ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಗಾಜಾ ಮತ್ತು ಈಜಿಪ್ಟಿನ ಸಿನಾಯ್ ಹಿಡಿದುಕೊಂಡ 1967ಕ್ಕೆ ಪ್ರತ್ಯೇಕ ನಕ್ಷೆ ಇರಲೇಬೇಕು. ಸಿನಾಯ್ ಸೇರಿಸಿಕೊಂಡು, 1982ರ ಹೊತ್ತಿಗೆ ಅದನ್ನು ಮರಳಿಸಿದ್ದನ್ನೇ ದೊಡ್ಡದಾಗಿ ತೋರಿಸುವ ಇಸ್ರೇಲ್ ಪರ ನಕ್ಷೆಗಳೂ ಇವೆ. ಅವನ್ನೂ ಇದೇ ಪ್ರಶ್ನೆಯಿಂದ ಪರೀಕ್ಷಿಸಿ. 1947–49ರಲ್ಲಿ ಮನೆಮಠ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಯಾವ ಗೆರೆಯಲ್ಲೂ ಕಾಣುವುದಿಲ್ಲ. ಅವರಿಗಾಗಿ ಬೇರೆಯೇ ಸ್ಲೈಡ್ ಇಡಿ.