4 ಜಿಬಿ ಲ್ಯಾಪ್‌ಟಾಪಿನಲ್ಲಿ ಕನ್ನಡ ಕಾದಂಬರಿ ಬರೆಯಲು

ಕಾಸರಗೋಡಿನ ಕುಂಬಳೆಯಲ್ಲಿ ಕುಳಿತು ಕಾದಂಬರಿ ಬರೆಯುತ್ತಿದ್ದೀರಿ, ಬ್ರೌಸರಿನಲ್ಲಿ ಅಕ್ಷರ ತಡವಾಗಿ ಮೂಡುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೀಗಾಗಲು ಬಹುಶಃ 4 ಜಿಬಿ ರ‍್ಯಾಮ್ ಸಾಲದಿರುವುದೇ ಕಾರಣ. ಖಚಿತಪಡಿಸಿಕೊಳ್ಳಲು ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಮೆಮೊರಿ ತುಂಬದೆ ಡಿಸ್ಕ್ ಮಾತ್ರ 100% ತೋರಿಸುತ್ತಿದ್ದರೆ ಬಹುಶಃ ಹಳೆಯ ಹಾರ್ಡ್ ಡಿಸ್ಕಿನ ತೊಂದರೆ. ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸದೆ ಯಾವ ತಂತ್ರಾಂಶವೂ ಚುರುಕಾಗದು.

ಡಿಸ್ಕ್ ಸರಿಯಿದ್ದರೆ ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆ ತಂತ್ರಾಂಶ ಹಾಕಿಕೊಳ್ಳಿ. ಉಚಿತ, ಬರೆಯಲು ನೆಟ್ ಬೇಡ. ಮಳೆಗಾಲದಲ್ಲಿ ಕುಂಬಳೆ ಕಡೆ ಇದೇ ದೊಡ್ಡ ಅನುಕೂಲ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್‌ನಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' (ಕನ್ನಡದಂಥ ಲಿಪಿಗಳ ಆಯ್ಕೆ) ಎದುರು ಕನ್ನಡ ಆರಿಸಿ, ಅದರ ಫಾಂಟ್ ನಿರ್ಮಲಾ ಯುಐ ಇಡಿ. ಇದನ್ನು ಬಿಟ್ಟರೆ ಸ್ಟೈಲಿನಲ್ಲಿ ಇಂಗ್ಲಿಷ್ ಫಾಂಟ್ ಮಾತ್ರ ಬದಲಾಗಿ ಕನ್ನಡ ಹಾಗೆಯೇ ಉಳಿಯುತ್ತದೆ. ಆಟೋರಿಕವರಿ (ತಾನಾಗಿ ಉಳಿಸುವ ವ್ಯವಸ್ಥೆ) 2 ನಿಮಿಷಕ್ಕೆ ಇಳಿಸಿ, ಕರೆಂಟ್ ಹೋದರೂ ಕೊನೆಯ ಒಂದೆರಡು ನಿಮಿಷದ್ದು ಬಿಟ್ಟು ಬರೆದದ್ದು ಸಾಮಾನ್ಯವಾಗಿ ಸಿಗುತ್ತದೆ.

ಮಂಗಳೂರಿನ ಪ್ರೆಸ್ಸಿನವರು ನುಡಿ ಫೈಲ್ (ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನದು) ಕೇಳಿದ್ದಾರೆ ಎಂದಿರಿ. ಆದರೂ ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡಿನಲ್ಲೇ ಬರೆಯಿರಿ, ದಯವಿಟ್ಟು. ಕೊನೆಗೆ ಪರಿವರ್ತಕದಲ್ಲಿ ನುಡಿಗೆ ತಿರುಗಿಸಬಹುದು. ಆಗ ಅರ್ಕಾವೊತ್ತು, ಉದ್ಧರಣ ಚಿಹ್ನೆ ಕೆಡುವುದುಂಟು. ಸಂಭಾಷಣೆಯಲ್ಲಿ ಮಲಯಾಳಂ ಲಿಪಿಯಿದ್ದರೆ ನುಡಿ ಫಾಂಟಿನಲ್ಲಿ ಬಾರದು, ಅದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಮೊದಲು ಒಂದು ಅಧ್ಯಾಯ ಮಾತ್ರ ಕಳಿಸಿ, ಜೊತೆಗೆ ಪಿಡಿಎಫ್ ಇಟ್ಟು, ಪ್ರೂಫ್ ತರಿಸಿ ನೋಡಿ.